ನೌಕೆಯೇ ಅಪರಾಧಿ: ಮುಟ್ಟುಗೋಲು ನ್ಯಾಯದ ಒಂದು ಅಧ್ಯಾಯ

ಮಾದಕವಸ್ತುಗಳ ಕಳ್ಳಸಾಗಣೆಗೆ ಬಳಕೆಯಾದ ನೌಕೆಗಳನ್ನು ಸರ್ಕಾರವು ಮುಟ್ಟುಗೋಲು ಹಾಕಿಕೊಳ್ಳುವ ಅಮೆರಿಕದ ಪದ್ಧತಿಯ ಬೇರುಗಳನ್ನು ಅರಸಿ ಹೊರಟರೆ, ಮಾದಕವಸ್ತುಗಳ ಪ್ರಸ್ತಾಪವೇ ಇಲ್ಲದ ಮೊಕದ್ದಮೆಯೊಂದು ಎದುರಾಗುತ್ತದೆ. ಕಡಲ್ಗಳ್ಳತನದ ಆರೋಪದ ಮೇಲೆ ಅಲ್ಲಿನ ನೌಕಾಪಡೆಯು 1822ರಲ್ಲಿ ಹಿಡಿದ ‘ಪಾಲ್ಮೈರಾ’ ಎಂಬ ಹಡಗಿನ ಪ್ರಕರಣವದು. 1827ರಲ್ಲಿ ತೀರ್ಪು ಬರೆದ ನ್ಯಾಯಮೂರ್ತಿ ಜೋಸೆಫ್ ಸ್ಟೋರಿ, ಇಂಥಲ್ಲಿ ವಸ್ತುವೇ ಅಪರಾಧಿ; ಅದನ್ನು ಮುಟ್ಟುಗೋಲು ಹಾಕಲು ಯಾವ ವ್ಯಕ್ತಿಯೂ ಮೊದಲು ಶಿಕ್ಷೆಗೊಳಗಾಗಬೇಕಿಲ್ಲ ಎಂಬ ತತ್ತ್ವವನ್ನು ಸ್ಥಿರಪಡಿಸಿದರು. ಮಾಲೀಕರು ದೂರದೇಶದಲ್ಲಿದ್ದು, ಕೈಗೆ ಸಿಗುವುದು ಹಡಗು ಮಾತ್ರವಾಗಿದ್ದ ಕಾಲಕ್ಕೆ ಈ ತರ್ಕ ಒಪ್ಪತಕ್ಕದ್ದೇ.

ಅದೇ ತರ್ಕವು ಸುಮಾರು ಒಂದೂವರೆ ಶತಮಾನದ ಬಳಿಕ ಪೋರ್ಟೊ ರಿಕೊದಲ್ಲಿ ತಾಳಿದ ರೂಪ ಬೇರೆ. ಪಿಯರ್ಸನ್ ಯಾಟ್ ಲೀಸಿಂಗ್ ಕಂಪನಿಯು 1971ರಲ್ಲಿ ತನ್ನ ವಿಹಾರನೌಕೆಯೊಂದನ್ನು ಇಬ್ಬರಿಗೆ ಗುತ್ತಿಗೆಗೆ ನೀಡಿತ್ತು. ಮರುವರ್ಷ ಮೇ ತಿಂಗಳಲ್ಲಿ ಅದರಲ್ಲಿ ಗಾಂಜಾ ದೊರೆಯಿತು. ಜುಲೈಯಲ್ಲಿ ಸರ್ಕಾರವು ಪೂರ್ವಸೂಚನೆಯಿಲ್ಲದೆ, ವಿಚಾರಣೆಯಿಲ್ಲದೆ ನೌಕೆಯನ್ನು ವಶಪಡಿಸಿಕೊಂಡಿತು. ಬಾಡಿಗೆ ಬಾರದಿದ್ದಾಗ ನೌಕೆಯನ್ನು ಹಿಂಪಡೆಯಲು ಹೋದಾಗಲೇ ಕಂಪನಿಗೆ ಸಂಗತಿ ತಿಳಿದದ್ದು. 1974ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಕ್ರಮವನ್ನು ಎತ್ತಿಹಿಡಿಯಿತು. ನ್ಯಾಯಮೂರ್ತಿ ಬ್ರೆನನ್ನರು ತಮ್ಮ ಸಮರ್ಥನೆಯ ಎಳೆಯನ್ನು, ಮನುಷ್ಯನ ಸಾವಿಗೆ ಕಾರಣವಾದ ವಸ್ತುವನ್ನು ದೊರೆಗೆ ಒಪ್ಪಿಸುವ ಪ್ರಾಚೀನ ಇಂಗ್ಲಿಷ್ ವಿಧಿಯವರೆಗೂ ಜಗ್ಗಿದರು. ಆ ವಿಧಿಯನ್ನು ಇಂಗ್ಲೆಂಡ್ 1846ರಲ್ಲೇ ರದ್ದುಪಡಿಸಿತ್ತೆಂಬುದು ಇಲ್ಲಿ ನೆನೆಯತಕ್ಕ ವಿಷಯ! ಭಿನ್ನಮತ ಬರೆದ ಡಗ್ಲಸ್ಸರು, ನೌಕೆಯಲ್ಲಿ ಸಿಕ್ಕಿದ್ದು ತಿಳಿದಮಟ್ಟಿಗೆ ಒಂದೇ ಒಂದು ಗಾಂಜಾ ಸಿಗರೇಟು ಎಂದು ಬೆರಳಿಟ್ಟು ತೋರಿಸಿದರು. ಕಳ್ಳಸಾಗಣೆಯ ಹಡಗಿಗೂ ಈ ನೌಕೆಗೂ ಇರುವ ಅಂತರವನ್ನು ಬಹುಮತದ ತೀರ್ಪು ಅಳೆಯಲೇ ಇಲ್ಲವೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

ಪರಿಣಾಮವು 1988ರಲ್ಲಿ ಬಯಲಾಯಿತು. ಟೈಟಾನಿಕ್‌ನ ಅವಶೇಷಗಳ 1986ರ ಶೋಧಯಾತ್ರೆಗೆ ನೆಲೆಯಾಗಿದ್ದ ಸಂಶೋಧನಾ ನೌಕೆ ‘ಅಟ್ಲಾಂಟಿಸ್ 2’ನ್ನೇ ಅತ್ಯಲ್ಪ ಗಾಂಜಾದ ಕಾರಣಕ್ಕೆ ಸ್ಯಾನ್ ಡಿಯಾಗೊದಲ್ಲಿ ಸುಂಕದ ಅಧಿಕಾರಿಗಳು ವಶಪಡಿಸಿಕೊಂಡರು, ಬಳಿಕ ಬಿಡುಗಡೆಯಾಯಿತು. 2000ದ ಸುಧಾರಣಾ ಕಾಯಿದೆಯು ನಿರ್ದೋಷಿ ಮಾಲೀಕರಿಗೆ ಒಟ್ಟಾರೆ ರಕ್ಷಣೆ ನೀಡಿತಾದರೂ, ಸುಂಕದ ಕಾನೂನಿನಡಿಯ ಮುಟ್ಟುಗೋಲುಗಳನ್ನು ಅದರಿಂದ ಹೊರಗಿಟ್ಟಿತು.

ಭಾರತದ 1985ರ ಮಾದಕವಸ್ತು ಕಾಯಿದೆಯ 60ನೆಯ ಕಲಮು ಹಡಗಿನ ಮಾಲೀಕನಿಗೆ ಆರಂಭದಲ್ಲೇ ಅವಕಾಶವಿತ್ತಿದೆ. ತನಗೆ, ತನ್ನ ಪ್ರತಿನಿಧಿಗೆ, ಹಡಗಿನ ಉಸ್ತುವಾರಿ ಹೊತ್ತವನಿಗೆ ಅರಿವಿರಲಿಲ್ಲವೆಂದೂ, ಮೂವರೂ ತಕ್ಕ ಎಚ್ಚರ ವಹಿಸಿದ್ದರೆಂದೂ ಅವನೇ ರುಜುವಾತುಪಡಿಸಬೇಕು. ಉಸ್ತುವಾರಿಯವನು ಶಾಮೀಲಾಗಿದ್ದರೆ, ದಡದಲ್ಲಿರುವ ಮಾಲೀಕ ಏನೂ ಅರಿಯದವನಾದರೂ ಈ ಕಲಮಿನ ರಕ್ಷಣೆ ಅವನಿಗೆ ದೊರೆಯದು.