ಅಮೆರಿಕದ ಅಂತರ್ಯುದ್ಧವೂ ಕ್ರೈಸ್ತ ದೈವನಿಷ್ಠೆಯೂ (೧೮೬೧–೧೮೬೫)

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೮೬೧ರಿಂದ ೧೮೬೫ರವರೆಗೆ ನಡೆದ ಅಂತರ್ಯುದ್ಧವು ನಮ್ಮ ನಾಡಿನ ಆರ್ಥಿಕ ಚರಿತ್ರೆಯ ವಿದ್ಯಾರ್ಥಿಗಳಿಗೆ ಅಪರಿಚಿತವಾದುದಲ್ಲ. ಲ್ಯಾಂಕಷೈರಿನ ಗಿರಣಿಗಳಿಗೆ ಅಮೆರಿಕದ ಅರಳೆ ಬರುವುದು ನಿಂತುಹೋಗಿ, ಧಾರವಾಡ ಪ್ರಾಂತದ ಹತ್ತಿಗೆ ಬೇಡಿಕೆಯೂ ಬೆಲೆಯೂ ಏರಿದುದು ಈ ಯುದ್ಧದ ಕಾಲದಲ್ಲಿಯೇ. ಆದರೆ ಇದೇ ಯುದ್ಧಕ್ಕೆ ಧಾರ್ಮಿಕವಾದ ಇನ್ನೊಂದು ಮುಖವುಂಟು. ಒಂದೇ ಮತಕ್ಕೆ ಸೇರಿದ, ಒಂದೇ ಧರ್ಮಗ್ರಂಥವನ್ನು ಓದುವ, ಒಂದೇ ಭಾಷೆಯಲ್ಲಿ ಪ್ರಾರ್ಥಿಸುವ ಜನ ಎರಡು ಪಾಳೆಯಗಳಾಗಿ ನಿಂತು, ಒಬ್ಬನೇ ದೇವರಲ್ಲಿ ಭರವಸೆಯಿಟ್ಟು ಪರಸ್ಪರ ಕಾದಾಡಿದರು. ಈ ಯುದ್ಧದಲ್ಲಿ ಮಡಿದವರ ಸಂಖ್ಯೆಯನ್ನು ಬಹುಕಾಲ ೬ ಲಕ್ಷದ ೨೦ ಸಾವಿರವೆಂದು ಎಣಿಸಲಾಗುತ್ತಿದ್ದಿತು; ಜನಗಣತಿಯ ಅಂಕಿಗಳನ್ನಾಧರಿಸಿ ೨೦೧೧ರಲ್ಲಿ ನಡೆದ ಗಣನೆಯು ಅದನ್ನು ಸುಮಾರು ೭.೫ ಲಕ್ಷಕ್ಕೆ ಏರಿಸಿತು.

ರಾಷ್ಟ್ರಕ್ಕೆ ವಿಪತ್ತು ಒದಗಿದಾಗ ಜನರು ದೇವರ ಮೊರೆಹೋಗುವುದು ಸಹಜ. ಆದುದರಿಂದ ಆ ಜನರಿಗೆ ದೈವನಿಷ್ಠೆಯಿದ್ದಿತೇ ಇಲ್ಲವೇ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಎರಡು ಪಕ್ಷಗಳಲ್ಲಿಯೂ ಅದು ಧಾರಾಳವಾಗಿಯೇ ಇದ್ದಿತು. ಆ ನಿಷ್ಠೆಯು ಏನನ್ನು ಬೇಡಿತು, ತನ್ನನ್ನು ತಾನು ಎಷ್ಟರಮಟ್ಟಿಗೆ ಪರೀಕ್ಷಿಸಿಕೊಂಡಿತು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಒಡೆದ ಸಭೆಗಳು

ರಾಜ್ಯವು ಒಡೆಯುವುದಕ್ಕೆ ಮೊದಲೇ ಕ್ರೈಸ್ತ ಸಭೆಗಳು ಒಡೆದಿದ್ದುವು. ಗುಲಾಮರನ್ನು ಹೊಂದಿದ್ದ ಬಿಷಪ್ ಜೇಮ್ಸ್ ಆಂಡ್ರೂ ಆ ಪದವಿಯಲ್ಲಿ ಮುಂದುವರಿಯಬಹುದೇ ಎಂಬ ವಿವಾದದಿಂದ ೧೮೪೪ರಲ್ಲಿ ಮೆಥಡಿಸ್ಟರಲ್ಲಿ ಬಿರುಕು ಮೂಡಿತು. ಮರುವರ್ಷ ಜಾರ್ಜಿಯದ ಅಗಸ್ಟ ನಗರದಲ್ಲಿ ದಕ್ಷಿಣದ ಬ್ಯಾಪ್ಟಿಸ್ಟರು ಪ್ರತ್ಯೇಕ ಸಮ್ಮೇಳನವನ್ನು ಸ್ಥಾಪಿಸಿಕೊಂಡರು. ಸಂಸ್ಥಾನಗಳನ್ನು ಒಂದಾಗಿ ಹಿಡಿದಿದ್ದ ಬಲವಾದ ಕಟ್ಟುಗಳಲ್ಲಿ ಸಭೆಗಳೂ ಸೇರಿದ್ದುವು. ಅವು ಸಡಿಲಿದ ಮೇಲೆ ಉಳಿದ ಕಟ್ಟುಗಳು ಹದಿನಾರು ವರ್ಷಗಳಿಗಿಂತ ಹೆಚ್ಚು ಕಾಲ ನಿಲ್ಲಲಿಲ್ಲ.

ಒಡಕಿನ ಮೂಲದಲ್ಲಿದ್ದುದು ಧರ್ಮಗ್ರಂಥದ ವ್ಯಾಖ್ಯಾನ. ಸತ್ಯವೇದದಲ್ಲಿ ದಾಸ್ಯದ ಉಲ್ಲೇಖವಿದೆ; ಅಲ್ಲಿ ಅದನ್ನು ನೇರವಾಗಿ ನಿಷೇಧಿಸಿಲ್ಲ; ಆದುದರಿಂದ ಅದು ಪಾಪವಲ್ಲವೆಂದು ದಕ್ಷಿಣದ ಪಂಡಿತರು ವಾದಿಸಿದರು. ಅಕ್ಷರವನ್ನಲ್ಲ, ಗ್ರಂಥದ ಒಟ್ಟು ಆಶಯವನ್ನು ನೋಡಬೇಕೆಂದು ಉತ್ತರದವರಲ್ಲಿ ಅನೇಕರು ಉತ್ತರಕೊಟ್ಟರು. ೧೮೬೦ರ ನವೆಂಬರ್ ೨೯ರಂದು ನ್ಯೂ ಆರ್ಲಿಯನ್ಸಿನ ಪ್ರೆಸ್‌ಬಿಟೇರಿಯನ್ ಪಾದ್ರಿ ಬೆಂಜಮಿನ್ ಪಾಮರ್ ಮಾಡಿದ ಉಪದೇಶವು ಮೊದಲನೆಯ ಪಕ್ಷದ ವಾದವನ್ನು ಅದರ ಕೊನೆಯ ಮಜಲಿಗೆ ಕೊಂಡೊಯ್ದಿತು. ಗುಲಾಮಗಿರಿಯನ್ನು ಕಾಪಾಡಿ ಮುಂದುವರಿಸುವುದು ದೇವರು ದಕ್ಷಿಣದ ಜನತೆಗೆ ವಹಿಸಿದ ಹೊಣೆಯೆಂದು ಅವನು ಸಾರಿದನು. ಅಚ್ಚಾಗಿ ಸಹಸ್ರಾರು ಪ್ರತಿಗಳಲ್ಲಿ ಹರಡಿದ ಈ ಉಪದೇಶದಲ್ಲಿ ದೈವನಿಷ್ಠೆ ಸ್ವಾರ್ಥಕ್ಕೆ ಕೇವಲ ಮುಸುಕಾಗಿರಲಿಲ್ಲ. ಪಾಮರನು ತನ್ನ ಮಾತನ್ನು ಮನಃಪೂರ್ವಕವಾಗಿ ನಂಬಿದ್ದನು. ಹೀಗೆ ನಂಬಿದುದೇ ಹೆಚ್ಚು ಅನರ್ಥಕ್ಕೆ ಎಡೆಯಾಯಿತು.

೧೭೮೭ರ ಸಂವಿಧಾನದ ಪೀಠಿಕೆಯಲ್ಲಿ ದೇವರ ಹೆಸರಿಲ್ಲ. ೧೮೬೧ರ ಮಾರ್ಚಿನಲ್ಲಿ ದಕ್ಷಿಣದ ಒಕ್ಕೂಟವು ರಚಿಸಿಕೊಂಡ ಸಂವಿಧಾನವು ಸರ್ವಶಕ್ತನ ಕೃಪೆಯನ್ನೂ ಮಾರ್ಗದರ್ಶನವನ್ನೂ ಕೋರಿ ಆರಂಭವಾಗುತ್ತದೆ. ಉತ್ತರದವರಿಗೂ ಈ ಕೊರತೆ ಕಾಣದೆ ಇರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಪೆನ್ಸಿಲ್ವೇನಿಯದ ಪಾದ್ರಿಯೊಬ್ಬನು ನಾಣ್ಯಗಳ ಮೇಲೆ ದೇವರ ಹೆಸರಿರಬೇಕೆಂದು ಹಣಕಾಸಿನ ಕಾರ್ಯದರ್ಶಿ ಸಾಲ್ಮನ್ ಚೇಸನಿಗೆ ಬರೆದನು. ಅದರ ಫಲವಾಗಿ ದೇವರಲ್ಲಿ ನಮ್ಮ ಭರವಸೆ ಎಂಬರ್ಥದ ವಾಕ್ಯವು ೧೮೬೪ರಲ್ಲಿ ಎರಡು ಸೆಂಟಿನ ನಾಣ್ಯದ ಮೇಲೆ ಮೊದಲು ಮುದ್ರಿತವಾಯಿತು. ಅದು ಸಂಯುಕ್ತ ಸಂಸ್ಥಾನಗಳ ಅಧಿಕೃತ ಧ್ಯೇಯವಾಕ್ಯವಾದುದು ೧೯೫೬ರಲ್ಲಿ. ದಕ್ಷಿಣದ ಒಕ್ಕೂಟವಾದರೋ ದೇವರೇ ತಮ್ಮ ಪಕ್ಷದ ಸಮರ್ಥಕನೆಂಬ ಅರ್ಥದ ಲ್ಯಾಟಿನ್ ವಾಕ್ಯವನ್ನು ತನ್ನ ರಾಜಮುದ್ರೆಗೆ ಆರಿಸಿಕೊಂಡಿತು.

೨. ೧೮೬೩ರ ಎರಡು ಉಪವಾಸಗಳು

ಆಪತ್ಕಾಲದಲ್ಲಿ ಇಡೀ ಸಮಾಜವು ಒಂದು ದಿನ ಉಪವಾಸವಿದ್ದು, ಪಾಪವನ್ನೊಪ್ಪಿಕೊಂಡು ಪ್ರಾರ್ಥಿಸುವ ಪದ್ಧತಿ ಅಮೆರಿಕಕ್ಕೆ ಪ್ಯೂರಿಟನ್ನರಿಂದ ಬಂದುದು. ದೇವರು ಜನಾಂಗಗಳೊಡನೆಯೂ ಒಡಂಬಡಿಕೆ ಮಾಡಿಕೊಳ್ಳುತ್ತಾನೆ. ಜನಾಂಗವು ತಪ್ಪಿ ನಡೆದರೆ ದಂಡಿಸುತ್ತಾನೆ. ಪಶ್ಚಾತ್ತಾಪಪಟ್ಟರೆ ಕೈಹಿಡಿಯುತ್ತಾನೆ ಎಂಬುದು ಅದರ ಹಿಂದಿನ ತತ್ತ್ವ. ಸ್ವಾತಂತ್ರ್ಯ ಸಮರದ ಆರಂಭದಲ್ಲಿ, ೧೭೭೫ರ ಜುಲೈ ೨೦ರಂದು, ಕಾಂಗ್ರೆಸ್ಸು ಇಂಥದೊಂದು ದಿನವನ್ನು ಗೊತ್ತುಮಾಡಿದ್ದಿತು. ಅಂತರ್ಯುದ್ಧದಲ್ಲಿ ಅಬ್ರಹಾಂ ಲಿಂಕನ್ನನು ಮೂರು ಬಾರಿ ಉಪವಾಸದ ದಿನಗಳನ್ನು ಘೋಷಿಸಿದನು. ದಕ್ಷಿಣದ ಅಧ್ಯಕ್ಷ ಜೆಫರ್ಸನ್ ಡೇವಿಸನು ಅದಕ್ಕಿಂತ ಹೆಚ್ಚು ಬಾರಿ ಘೋಷಿಸಿದನು.

ಇವುಗಳಲ್ಲಿ ೧೮೬೩ರ ಎರಡು ದಿನಗಳು ನಮ್ಮ ವಿಚಾರಕ್ಕೆ ಬಹಳ ಉಪಯುಕ್ತ. ಡೇವಿಸನು ಗೊತ್ತುಮಾಡಿದ ದಿನ ಮಾರ್ಚ್ ೨೭. ಲಿಂಕನ್ನನದು, ಸೆನೆಟ್ಟಿನ ಕೋರಿಕೆಯ ಮೇರೆಗೆ, ಏಪ್ರಿಲ್ ೩೦. ಎರಡರ ನಡುವೆ ಐದು ವಾರಗಳ ಅಂತರವೂ ಇಲ್ಲ. ಇನ್ನೊಂದು ಕಾಕತಾಳೀಯವೂ ಉಂಟು: ದಕ್ಷಿಣದ ಕಾಂಗ್ರೆಸ್ಸಿನ ರಾಜಮುದ್ರೆಯ ನಿರ್ಣಯಕ್ಕೆ ಅಂಗೀಕಾರ ದೊರೆತುದೂ ಅದೇ ಏಪ್ರಿಲ್ ೩೦ರಂದು. ಒಂದು ರಾಜಧಾನಿ ಉಪವಾಸವಿದ್ದು ಕ್ಷಮೆ ಬೇಡುತ್ತಿದ್ದ ದಿನ, ಇನ್ನೊಂದು ರಾಜಧಾನಿ ದೇವರನ್ನು ತನ್ನ ಸಮರ್ಥಕನೆಂದು ಮುದ್ರೆಯಲ್ಲಿ ಬರೆಯಿಸಿಕೊಂಡಿತು.

ಲಿಂಕನ್ನನ ಸಹಿಯಲ್ಲಿ ಹೊರಟ ಪ್ರಕಟನೆಯು ಯುದ್ಧವನ್ನು ಇಡೀ ರಾಷ್ಟ್ರದ ಪಾಪಕ್ಕೆ ಬಂದ ದಂಡನೆಯಿರಬಹುದೆಂದು ಹೇಳುತ್ತದೆ. ಸಂಪತ್ತು, ಜನಬಲ, ಅಧಿಕಾರಗಳು ಬೆಳೆದಂತೆ ಜನರು ಇವೆಲ್ಲ ತಮ್ಮ ಸ್ವಂತ ವಿವೇಕದ ಫಲವೆಂದು ಬೀಗಿದರು, ಕೊಟ್ಟವನನ್ನು ಮರೆತರು ಎಂಬುದು ಅದರ ಆಪಾದನೆ. ಆದರೆ ಆ ಪ್ರಕಟನೆಯಲ್ಲಿ ಗುಲಾಮಗಿರಿಯ ಹೆಸರಿಲ್ಲವೆಂಬುದನ್ನು ಗಮನಿಸಬೇಕು. ದೇಶದ ಪಾಪವನ್ನು ಒಪ್ಪಿಕೊಳ್ಳುವಾಗಲೂ ಅದನ್ನು ಹೆಸರಿಟ್ಟು ಕರೆಯುವುದಕ್ಕೆ ರಾಜ್ಯವು ಹಿಂಜರಿಯಿತು.

ಉಪವಾಸದ ಬಳಿಕ ಏನಾಯಿತು? ಏಪ್ರಿಲ್ ೩೦ರಂದೇ ಉತ್ತರದ ಸೈನ್ಯವು ವರ್ಜೀನಿಯದ ಚಾನ್ಸಲರ್ಸ್‌ವಿಲ್ ಬಳಿ ನೆರೆಯಿತು. ಮೇ ಮೊದಲ ವಾರದಲ್ಲಿ ಸೋತು ಹಿಮ್ಮೆಟ್ಟಿತು. ಪ್ರಾರ್ಥನೆ ಫಲಿಸಲಿಲ್ಲವೆಂದು ಉತ್ತರದವರು ಕಂಗೆಟ್ಟರು. ಆದರೆ ಗೆದ್ದ ದಕ್ಷಿಣದವರು ಅದೇ ಕದನದಲ್ಲಿ ತಮ್ಮ ದಂಡನಾಯಕ ‘ಸ್ಟೋನ್‌ವಾಲ್’ ಜಾಕ್ಸನ್ನನನ್ನು ಕಳೆದುಕೊಂಡರು. ಪ್ರೆಸ್‌ಬಿಟೇರಿಯನ್ ಸಭೆಯ ಸೇವಕನೂ ದೈವಭಕ್ತಿಗೆ ಹೆಸರಾದವನೂ ಆಗಿದ್ದ ಅವನು ತನ್ನ ಕಡೆಯವರ ಗುಂಡಿಗೇ ಪ್ರಮಾದದಿಂದ ಗುರಿಯಾಗಿ ಮೇ ೧೦ರಂದು ತೀರಿಕೊಂಡನು. ಜುಲೈ ಮೊದಲ ವಾರದಲ್ಲಿ ಗೆಟಿಸ್‌ಬರ್ಗ್, ವಿಕ್ಸ್‌ಬರ್ಗ್‌ಗಳಲ್ಲಿ ಉತ್ತರಕ್ಕೆ ಜಯವಾಯಿತು. ಆಗಸ್ಟ್ ೬ರಂದು ಲಿಂಕನ್ನನು ಕೃತಜ್ಞತೆಯ ದಿನವನ್ನು ಆಚರಿಸಿದನು. ಆಗಸ್ಟ್ ೨೧ರಂದು ಡೇವಿಸನು ಮತ್ತೆ ಉಪವಾಸವನ್ನು ವಿಧಿಸಿದನು. ಐದು ತಿಂಗಳೊಳಗೆ ದೈವಚಿತ್ತದ ಲೆಕ್ಕಾಚಾರಗಳೆಲ್ಲವೂ ತಲೆಕೆಳಗಾದುವು. ಗೆಲವನ್ನು ದೇವರ ಒಪ್ಪಿಗೆಯೆಂದೂ ಸೋಲನ್ನು ದೇವರ ಕೋಪವೆಂದೂ ಓದುವವರು ಪ್ರತಿಯೊಂದು ಕದನದ ನಂತರವೂ ತಮ್ಮ ಓದನ್ನು ತಿದ್ದಬೇಕಾಯಿತು.

ದಕ್ಷಿಣದಲ್ಲಿಯೂ ಆತ್ಮಪರೀಕ್ಷೆ ನಡೆಯಲಿಲ್ಲವೆಂದು ಹೇಳಲಾಗದು. ಉತ್ತರ ಕರೋಲಿನದ ಶಿಕ್ಷಣಾಧಿಕಾರಿ ಕ್ಯಾಲ್ವಿನ್ ವೈಲಿಯು ೧೮೬೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಗುಲಾಮರನ್ನು ಧರ್ಮಾನುಸಾರವಾಗಿ ನಡೆಸಿಕೊಳ್ಳದಿರುವುದೇ ದೇವರ ದಂಡನೆಗೆ ಕಾರಣವೆಂದು ವಾದಿಸಿದನು. ಗುಲಾಮ ದಂಪತಿಗಳ ವಿವಾಹಕ್ಕೆ ಕಾನೂನಿನ ಮನ್ನಣೆಯಿರಲಿ, ಅವರಿಗೆ ಸತ್ಯವೇದವನ್ನು ಓದಲು ಅವಕಾಶವಿರಲಿ ಎಂದು ಇಂಥ ಸುಧಾರಕರು ಕೇಳಿದರು. ಅವರ ಪಶ್ಚಾತ್ತಾಪವು ಗುಲಾಮಗಿರಿಯ ಹೊಸಿಲವರೆಗೆ ಬಂದಿತು, ಒಳಗೆ ಕಾಲಿಡಲಿಲ್ಲ. ಯಜಮಾನನು ಕ್ರೂರನಾಗಬಾರದೆಂದರೇ ಹೊರತು ಯಜಮಾನಿಕೆಯೇ ಕೂಡದೆಂದು ಅವರು ಹೇಳಲಿಲ್ಲ.

೩. ಗುಲಾಮರ ಪ್ರಾರ್ಥನೆ

೧೮೬೦ರ ಜನಗಣತಿಯಂತೆ ದೇಶದಲ್ಲಿ ೩೯ ಲಕ್ಷದ ೫೦ ಸಾವಿರಕ್ಕೂ ಮಿಕ್ಕಿ ಗುಲಾಮರಿದ್ದರು. ಎರಡು ಸರ್ಕಾರಗಳ ಪ್ರಕಟನೆಗಳನ್ನು ಮಾತ್ರ ನೋಡಿದರೆ ಇವರ ಪ್ರಾರ್ಥನೆ ನಮಗೆ ಕೇಳಿಸುವುದಿಲ್ಲ. ಬಿಳಿಯರಿಗೆ ವಿಪತ್ತು ೧೮೬೧ರಲ್ಲಿ ಬಂದಿತು; ಇವರಿಗಾದರೋ ಅದು ತಲೆತಲಾಂತರದಿಂದ ಇದ್ದಿತು. ಯಜಮಾನರು ಏರ್ಪಡಿಸಿದ ಆರಾಧನೆಗಳಲ್ಲಿ ಒಡೆಯನಿಗೆ ವಿಧೇಯನಾಗಿರು ಎಂಬುದೇ ಮುಖ್ಯ ಬೋಧೆಯಾಗಿರುತ್ತಿದ್ದಿತು. ಅದನ್ನು ಕೇಳಿ ಬಂದವರು ರಾತ್ರಿಯಲ್ಲಿ ಕಾಡುಗಳಲ್ಲಿಯೋ ಗುಡಿಸಲುಗಳಲ್ಲಿಯೋ ಗುಟ್ಟಾಗಿ ಸೇರಿ ಬೇರೆಯೇ ಪ್ರಾರ್ಥನೆ ಮಾಡುತ್ತಿದ್ದರು. ದನಿ ಹೊರಗೆ ಹೋಗದಿರಲೆಂದು ಪಾತ್ರೆಯೊಂದನ್ನು ಕವುಚಿಡುತ್ತಿದ್ದೆವೆಂದು, ೧೯೩೦ರ ದಶಕದಲ್ಲಿ ಸರ್ಕಾರದ ಪರವಾಗಿ ಸಂಗ್ರಹಿಸಿದ ಹೇಳಿಕೆಗಳಲ್ಲಿ, ಮುದುಕರಾಗಿದ್ದ ಮಾಜಿ ಗುಲಾಮರು ಮತ್ತೆ ಮತ್ತೆ ನೆನೆದಿದ್ದಾರೆ.

ಅಲ್ಲಿ ಅವರಿಗೆ ಪ್ರಿಯವಾದ ಕಥೆ ವಿಮೋಚನ ಕಾಂಡದ್ದು. ಪ್ಯೂರಿಟನ್ನರ ಸಂತತಿಯವರು ಅಮೆರಿಕವನ್ನು ಹೊಸ ಇಸ್ರಾಯೇಲೆಂದು ಭಾವಿಸಿದ್ದರು. ಗುಲಾಮರಿಗೆ ಅದೇ ಅಮೆರಿಕವು ಐಗುಪ್ತವಾಗಿದ್ದಿತು. ಒಂದೇ ಗ್ರಂಥದ ಒಂದೇ ಕಥೆಯಲ್ಲಿ ಫರೋಹನಾರು, ಮೋಶೆಯ ಜನರಾರು ಎಂಬುದು ಓದುವವನು ನಿಂತ ನೆಲೆಯಿಂದ ಬದಲಾಯಿತು. ದಾಸ್ಯದಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸನು ೧೮೪೫ರ ತನ್ನ ಆತ್ಮಕಥೆಯ ಅನುಬಂಧದಲ್ಲಿಯೇ ಕ್ರಿಸ್ತನ ಧರ್ಮವನ್ನೂ ಆ ದೇಶದಲ್ಲಿ ರೂಢಿಯಲ್ಲಿದ್ದ ಧರ್ಮವನ್ನೂ ಬೇರ್ಪಡಿಸಿ, ಒಂದನ್ನು ಪ್ರೀತಿಸುವವನು ಇನ್ನೊಂದನ್ನು ದ್ವೇಷಿಸಲೇಬೇಕೆಂದು ವಾದಿಸಿದ್ದನು. ೧೮೬೨ರ ಡಿಸೆಂಬರ್ ೩೧ರ ರಾತ್ರಿ ಉತ್ತರದ ಕರಿಯರ ಚರ್ಚುಗಳಲ್ಲಿ ಜನರು ಜಾಗರಣೆಯಿದ್ದು ವಿಮೋಚನೆಯ ಘೋಷಣೆಯನ್ನು ಎದುರುನೋಡಿದರು. ಮರುದಿನ ಬಾಸ್ಟನ್ನಿನ ಟ್ರೆಮಾಂಟ್ ಮಂದಿರದಲ್ಲಿ ತಂತಿಯ ಸುದ್ದಿಗಾಗಿ ಕಾದವರಲ್ಲಿ ಡಗ್ಲಸನೂ ಇದ್ದನು.

೪. ಲಿಂಕನ್ನನ ವಿಚಾರಸರಣಿ

ಲಿಂಕನ್ನನು ಯಾವ ಸಭೆಯ ಸದಸ್ಯನೂ ಆಗಿರಲಿಲ್ಲ. ವಾಷಿಂಗ್ಟನ್ನಿನಲ್ಲಿ ಪ್ರೆಸ್‌ಬಿಟೇರಿಯನ್ ಚರ್ಚೊಂದಕ್ಕೆ ಹೋಗುತ್ತಿದ್ದನಾದರೂ ವಿಧಿಪೂರ್ವಕವಾಗಿ ಸೇರಲಿಲ್ಲ. ೧೮೬೨ರ ಫೆಬ್ರುವರಿಯಲ್ಲಿ ಅವನ ಹನ್ನೊಂದು ವರ್ಷದ ಮಗ ವಿಲ್ಲಿ ತೀರಿಕೊಂಡನು. ಯುದ್ಧಭೂಮಿಯಿಂದ ಸೋಲಿನ ಸುದ್ದಿಗಳು ಬರುತ್ತಲೇ ಇದ್ದುವು. ಆ ವರ್ಷದ ಸೆಪ್ಟೆಂಬರ್ ೧೩ರಂದು ಷಿಕಾಗೊ ನಗರದ ಪಾದ್ರಿಗಳು ಬಂದು, ಗುಲಾಮರ ವಿಮೋಚನೆ ದೇವರ ಚಿತ್ತವೆಂದು ಒತ್ತಾಯಿಸಿದರು. ತನ್ನ ಕರ್ತವ್ಯಕ್ಕೆ ಸಂಬಂಧಿಸಿದುದನ್ನು ದೇವರು ಇತರರಿಗೆ ತಿಳಿಸುವುದಾದರೆ ತನಗೂ ನೇರವಾಗಿ ತಿಳಿಸಬಹುದಲ್ಲವೇ ಎಂದು ಅವನು ಕೇಳಿದನು. ಒಂಬತ್ತು ದಿನಗಳ ಬಳಿಕ, ಆಂಟೀಟಮ್ ಕದನದಲ್ಲಿ ಶತ್ರುಸೈನ್ಯವು ಹಿಂದೆಗೆದ ಮೇಲೆ, ಮಂತ್ರಿಮಂಡಲವನ್ನು ಕರೆದು, ವಿಮೋಚನೆಯ ವಿಷಯದಲ್ಲಿ ತಾನು ದೇವರಿಗೆ ಹರಕೆ ಹೊತ್ತಿರುವುದಾಗಿ ಹೇಳಿದನು. ಚೇಸ್ ಮತ್ತು ಗಿಡಿಯನ್ ವೆಲ್ಸ್ ಇಬ್ಬರ ದಿನಚರಿಗಳಲ್ಲಿಯೂ ಇದು ದಾಖಲಾಗಿದೆ.

ಇವೆರಡೂ ಪರಸ್ಪರ ವಿರುದ್ಧವೆಂದು ತೋರಬಹುದು. ನಮ್ಮ ಮತದಲ್ಲಿ ಹಾಗಲ್ಲ. ದೇವರ ಮನಸ್ಸನ್ನು ತಿಳಿದಿದ್ದೇವೆಂದು ಹೇಳುವವರನ್ನು ಅವನು ಶಂಕಿಸಿದನು. ದೇವರಿಗೆ ತಾನು ಉತ್ತರವಾದಿಯೆಂಬುದನ್ನು ಶಂಕಿಸಲಿಲ್ಲ. ಈ ಕಾಲದ್ದೆಂದು ಅವನ ಕಾರ್ಯದರ್ಶಿಗಳು ಗುರುತಿಸಿದ, ಈಚಿನ ಕೆಲವು ವಿದ್ವಾಂಸರು ೧೮೬೪ಕ್ಕೆ ಸೇರಿಸುವ ಒಂದು ಖಾಸಗಿ ಟಿಪ್ಪಣಿಯಲ್ಲಿ ಇದೇ ವಿಚಾರವಿದೆ. ದೇವರು ಒಂದೇ ವಿಷಯದಲ್ಲಿ ಒಂದೇ ಕಾಲಕ್ಕೆ ಪರವೂ ವಿರೋಧವೂ ಆಗಿರಲಾರನು; ಎರಡು ಪಕ್ಷಗಳೂ ತಪ್ಪಿರಬಹುದು; ಅವನ ಉದ್ದೇಶವು ಇಬ್ಬರ ಉದ್ದೇಶಕ್ಕಿಂತ ಬೇರೆಯಾದುದೇ ಇರಬಹುದು ಎಂಬುದು ಅದರ ತಾತ್ಪರ್ಯ.

ಖಾಸಗಿಯಾಗಿ ಬರೆದಿಟ್ಟ ಈ ತರ್ಕವನ್ನು ಅವನು ೧೮೬೫ರ ಮಾರ್ಚ್ ೪ರಂದು, ಎರಡನೆಯ ಬಾರಿಗೆ ಅಧಿಕಾರ ಸ್ವೀಕರಿಸಿದಾಗ, ರಾಷ್ಟ್ರದ ಮುಂದಿಟ್ಟನು. ಜಯ ಕೈಗೆ ಬಂದಿದ್ದಿತು. ಸುಮಾರು ೭೦೦ ಪದಗಳ ಆ ಭಾಷಣದಲ್ಲಿ ವಿಜಯೋತ್ಸಾಹದ ಸುಳಿವಿಲ್ಲ. ಎರಡು ಪಕ್ಷಗಳ ಪ್ರಾರ್ಥನೆಗಳೂ ಪೂರ್ಣವಾಗಿ ಸಲ್ಲಲಿಲ್ಲವೆಂದು ಅವನು ಒಪ್ಪಿಕೊಂಡನು. ಗುಲಾಮಗಿರಿಯನ್ನು ದಕ್ಷಿಣದ ಪಾಪವೆನ್ನದೆ ಅಮೆರಿಕದ ಪಾಪವೆಂದನು. ಅದನ್ನು ತಂದವರಿಗೆ ಸಲ್ಲುವ ದಂಡನೆಯಾಗಿ ಯುದ್ಧವು ಉತ್ತರಕ್ಕೂ ದಕ್ಷಿಣಕ್ಕೂ ಬಂದಿರಬಹುದೆಂದನು. ಎರಡು ವರ್ಷಗಳ ಹಿಂದಿನ ಉಪವಾಸದ ಪ್ರಕಟನೆಯು ಹೇಳದೆ ಬಿಟ್ಟಿದ್ದ ಹೆಸರನ್ನು ಈ ಭಾಷಣವು ಹೇಳಿತು. ಅಂದು ಸಂಜೆ ತನ್ನ ಅಭಿಪ್ರಾಯವನ್ನು ಕೇಳಿದ ಅಧ್ಯಕ್ಷನಿಗೆ ಡಗ್ಲಸನು ಅದೊಂದು ಪವಿತ್ರ ಪ್ರಯತ್ನವೆಂದು ಉತ್ತರಕೊಟ್ಟನು. ಭಾಷಣವು ಕೂಡಲೇ ಜನಪ್ರಿಯವಾಗದೆಂದು ಲಿಂಕನ್ನನೇ ಮಾರ್ಚ್ ೧೫ರಂದು ಥರ್ಲೋ ವೀಡನಿಗೆ ಬರೆದನು. ದೇವರ ಉದ್ದೇಶಕ್ಕೂ ತಮ್ಮ ಉದ್ದೇಶಕ್ಕೂ ಅಂತರವಿದೆಯೆಂದು ಕೇಳುವುದು ಯಾರಿಗೂ ಹಿತವಲ್ಲ ಎಂಬುದು ಅವನು ಕೊಟ್ಟ ಕಾರಣ.

ಈ ವಿಚಾರಸರಣಿಗೆ ಆಕ್ಷೇಪವಿಲ್ಲದೆ ಇಲ್ಲ. ಎಲ್ಲವನ್ನೂ ದೈವಸಂಕಲ್ಪಕ್ಕೆ ಒಪ್ಪಿಸಿದರೆ ಯುದ್ಧವನ್ನು ಮುಂದುವರಿಸಿದವರ ಹೊಣೆ ಎಲ್ಲಿ ಉಳಿಯಿತು? ಲಕ್ಷಾಂತರ ಸಾವುಗಳಲ್ಲಿ ಅಧ್ಯಕ್ಷನ ಆಜ್ಞೆಗಳ ಪಾಲೂ ಇದ್ದಿತಷ್ಟೆ. ಆಕ್ಷೇಪದಲ್ಲಿ ಹುರುಳಿದೆ. ಆದರೆ ಲಿಂಕನ್ನನು ದೇವರ ಹೆಸರಿನಿಂದ ತನ್ನನ್ನು ಬಿಡಿಸಿಕೊಳ್ಳಲಿಲ್ಲ. ತನ್ನನ್ನೂ ತನ್ನ ಪಕ್ಷವನ್ನೂ ಅಪರಾಧಿಗಳ ಸಾಲಿನಲ್ಲಿಯೇ ನಿಲ್ಲಿಸಿದನು. ಅಧಿಕಾರದಲ್ಲಿರುವವರು ದೇವರ ಹೆಸರೆತ್ತುವಾಗ ಹೀಗೆ ಮಾಡುವುದು ಅಪರೂಪ.

೫. ಉಪಸಂಹಾರ

೧೮೬೫ರ ಏಪ್ರಿಲ್ ೧೪, ಶುಭ ಶುಕ್ರವಾರದ ರಾತ್ರಿ, ಲಿಂಕನ್ನನಿಗೆ ಗುಂಡೇಟು ತಗುಲಿತು. ಮರುದಿನ ಮುಂಜಾನೆ ಅವನು ಮೃತನಾದನು. ಈಸ್ಟರ್ ಭಾನುವಾರದ ಉಪದೇಶಗಳಲ್ಲಿ ಉತ್ತರದ ಪಾದ್ರಿಗಳು ಅವನನ್ನು ಮೋಶೆಗೂ ಕ್ರಿಸ್ತನಿಗೂ ಹೋಲಿಸಿದರು. ರಾಷ್ಟ್ರವನ್ನು ದೇವರ ಸ್ಥಾನದಲ್ಲಿ ಕೂಡಿಸಲೊಪ್ಪದಿದ್ದವನನ್ನು ರಾಷ್ಟ್ರವು ತನ್ನ ಸಂತನನ್ನಾಗಿ ಮಾಡಿಕೊಂಡಿತು. ದಕ್ಷಿಣದಲ್ಲಿ ಸೋಲನ್ನು ದೇವರು ತನಗೆ ಪ್ರಿಯರಾದವರಿಗೆ ಕೊಡುವ ಶಿಕ್ಷೆಯೆಂದು ವ್ಯಾಖ್ಯಾನಿಸಿ ಹಳೆಯ ಅಭಿಮಾನವನ್ನು ಉಳಿಸಿಕೊಳ್ಳಲಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಸಂವಿಧಾನದ ೧೩ನೆಯ ತಿದ್ದುಪಡಿಯು ಗುಲಾಮಗಿರಿಯನ್ನು ಕಾನೂನಿನಲ್ಲಿ ಕೊನೆಗಾಣಿಸಿತು. ದಕ್ಷಿಣದ ಬ್ಯಾಪ್ಟಿಸ್ಟರ ಸಮ್ಮೇಳನವು ತನ್ನ ಹುಟ್ಟಿನಲ್ಲಿ ಗುಲಾಮಗಿರಿಯ ಪಾತ್ರವಿದ್ದಿತೆಂದು ನಿರ್ಣಯ ಮಾಡಿ ಕ್ಷಮೆ ಕೇಳಿದುದು ೧೯೯೫ರಲ್ಲಿ, ಸ್ಥಾಪನೆಯಾದ ನೂರೈವತ್ತು ವರ್ಷಗಳ ನಂತರ.

ಇತಿಹಾಸಕಾರನು ದೇವರ ಚಿತ್ತವನ್ನು ನಿರ್ಣಯಿಸಲಾರನು. ಅದು ಅವನ ಕೆಲಸವೂ ಅಲ್ಲ. ಆದರೆ ವಿಪತ್ತಿನ ಕಾಲದಲ್ಲಿ ಮನುಷ್ಯರು ಮಾಡಿದ ಪ್ರಾರ್ಥನೆಗಳನ್ನು ಅವನು ದಾಖಲೆಗಳಂತೆ ಓದಬಲ್ಲನು. ಹಾಗೆ ಓದುವಾಗ ಅವುಗಳಲ್ಲಿ ಎಷ್ಟು ಭಕ್ತಿಯಿದೆ ಎಂದು ಅಳೆಯುವುದರಿಂದ ಹೆಚ್ಚು ಪ್ರಯೋಜನವಿಲ್ಲವೆಂಬುದು ನಮ್ಮ ಅಭಿಪ್ರಾಯ. ಪಾಮರನಲ್ಲಿಯೂ ಜಾಕ್ಸನ್ನನಲ್ಲಿಯೂ ಅದಕ್ಕೆ ಕೊರತೆಯಿರಲಿಲ್ಲ. ಪ್ರಾರ್ಥಿಸುವವನು ಬದಲಾಗಬೇಕೆಂದು ಬೇಡಿದುದು ಶತ್ರುವನ್ನೇ, ತನ್ನನ್ನೇ ಎಂಬುದನ್ನೂ, ತನ್ನ ಪಾಪವನ್ನು ಹೆಸರು ಹಿಡಿದು ಹೇಳಿದನೇ ಎಂಬುದನ್ನೂ, ಆ ಪಾಪದಿಂದ ನೊಂದವರ ಪ್ರಾರ್ಥನೆ ಅವನ ಕಿವಿಗೆ ಬಿದ್ದಿತೇ ಎಂಬುದನ್ನೂ ಕೇಳಬೇಕು. ೧೮೬೧ರಿಂದ ೧೮೬೫ರವರೆಗಿನ ಅಸಂಖ್ಯಾತ ಪ್ರಕಟನೆ, ಉಪದೇಶಗಳನ್ನು ಈ ಮೂರು ಪ್ರಶ್ನೆಗಳಿಂದ ಪರೀಕ್ಷಿಸಿದರೆ ಉಳಿಯುವುವು ಕೆಲವೇ. ಅನ್ಯ ದೇಶಗಳ, ಅನ್ಯ ಮತಗಳ ಆಪತ್ಕಾಲದ ಪ್ರಾರ್ಥನೆಗಳನ್ನು ಅಭ್ಯಸಿಸುವ ವಿದ್ಯಾರ್ಥಿಗಳಿಗೂ ಇವು ಉಪಯೋಗಕ್ಕೆ ಬಂದಾವೆಂದು ನಾವು ನಂಬಿದ್ದೇವೆ.