ಬಲ್ಖ್‌ನ ವಿದ್ವಾಂಸ ಮತ್ತು ಮನಸ್ಸಿನ ಕಾಯಿಲೆ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಮದ್ರಸದಲ್ಲಿ ಓದುತ್ತಿದ್ದ ಹದಿನೈದರ ಹರೆಯದ ಹುಡುಗನೊಬ್ಬನು ವುಝೂ ಮಾಡಲು ಕುಳಿತರೆ ಅರ್ಧ ಗಂಟೆಯಾದರೂ ಏಳುತ್ತಿರಲಿಲ್ಲ. ತೊಳೆದ ಕೈಯನ್ನೇ ಮತ್ತೆ ತೊಳೆಯುವನು, ಸವರಿದ ತಲೆಯನ್ನೇ ಮತ್ತೆ ಸವರುವನು. ಜಮಾಅತ್ ಮುಗಿದು ಜನರು ಮಸೀದಿಯಿಂದ ಹೊರಬರುವಾಗಲೂ ಅವನು ನೀರಿನ ಬಳಿಯಲ್ಲೇ ಇರುತ್ತಿದ್ದನು. ಅವನ ತಂದೆ ಆತಂಕದಿಂದ ಕೇಳಿದಾಗ, 'ಹುಡುಗನಲ್ಲಿ ತಖ್ವಾ ಹೆಚ್ಚು, ಚಿಂತಿಸಬೇಡಿ' ಎಂದು ನಾನು ಹೇಳಿ ಕಳುಹಿಸಿದೆ. ಮರುವರ್ಷ ಅವನ ಬೆರಳುಗಳ ಚರ್ಮ ಒಡೆದು ರಕ್ತ ಕಾಣಿಸತೊಡಗಿದಾಗ, 'ಈಮಾನ್ ಗಟ್ಟಿ ಮಾಡಿಕೋ, ಶೈತಾನನಿಗೆ ಕಿವಿಗೊಡಬೇಡ' ಎಂದು ಗದರಿದೆ. ಎರಡು ಮಾತುಗಳೂ ತಪ್ಪಾಗಿದ್ದವು. ಅದು ನನಗೆ ಮನವರಿಕೆಯಾದದ್ದು ಸುಮಾರು ಸಾವಿರದ ನೂರು ವರ್ಷಗಳ ಹಿಂದೆ ನಮ್ಮವರೇ ಆದ ಒಬ್ಬ ವಿದ್ವಾಂಸರು ಬರೆದಿಟ್ಟ ಗ್ರಂಥದ ಪರಿಚಯವಾದ ಬಳಿಕ.

ಅವರ ಹೆಸರು ಅಬೂ ಝೈದ್ ಅಲ್ ಬಲ್ಖೀ. ಇಂದಿನ ಅಫ್ಘಾನಿಸ್ತಾನದಲ್ಲಿರುವ ಬಲ್ಖ್ ನಗರದ ಸಮೀಪದ ಒಂದು ಹಳ್ಳಿಯಲ್ಲಿ ಕ್ರಿ.ಶ. 850ರ ಸುಮಾರಿಗೆ ಜನಿಸಿದರು. ತಂದೆ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕರಾಗಿದ್ದರು ಎಂದು ಚರಿತ್ರೆಕಾರರು ಬರೆದಿದ್ದಾರೆ (ನನ್ನಂತಹವರಿಗೆ ಇದು ಒಂದಿಷ್ಟು ಸಂತೋಷ ಕೊಡುವ ಸಂಗತಿ). ಯೌವನದಲ್ಲಿ ಜ್ಞಾನಾರ್ಜನೆಗಾಗಿ ಇರಾಕಿಗೆ ತೆರಳಿದ ಅವರು ಅನೇಕ ವರ್ಷ ಅಲ್ಲಿ ಕಲಿತು ಊರಿಗೆ ಮರಳಿದರು. ಭೂಗೋಳಶಾಸ್ತ್ರದಲ್ಲಿ ಅವರ ಹೆಸರಿನದೇ ಒಂದು ಪರಂಪರೆ ಬೆಳೆಯಿತು. ಇಸ್ತಖ್ರೀ, ಇಬ್ನು ಹೌಕಲ್ ಮೊದಲಾದವರ ನಕಾಶೆಗಳು ಆ ಪರಂಪರೆಗೆ ಸೇರಿದವು. ಹಿಜರಿ 322ರಲ್ಲಿ, ಅಂದರೆ ಕ್ರಿ.ಶ. 934ರಲ್ಲಿ, ಅವರು ನಿಧನರಾದರು.

ಅವರ 'ಮಸಾಲಿಹುಲ್ ಅಬ್ದಾನಿ ವಲ್ ಅನ್ಫುಸ್' ಎಂಬ ಗ್ರಂಥದ ಹೆಸರೇ ಅದರ ಸಾರವನ್ನು ಹೇಳುತ್ತದೆ: ದೇಹಗಳ ಮತ್ತು ಮನಸ್ಸುಗಳ ಹಿತ. ಮೊದಲ ಭಾಗವು ಗಾಳಿ, ನೀರು, ಆಹಾರ, ನಿದ್ರೆ, ಸ್ನಾನ, ವ್ಯಾಯಾಮಗಳ ಕುರಿತಾದುದು. ಎರಡನೆಯ ಭಾಗದ ಎಂಟು ಅಧ್ಯಾಯಗಳು ಪೂರ್ತಿಯಾಗಿ ಮನಸ್ಸಿಗೇ ಮೀಸಲಾಗಿವೆ. ಕೋಪಕ್ಕೆ ಒಂದು ಅಧ್ಯಾಯ, ಭಯಕ್ಕೆ ಒಂದು, ದುಃಖಕ್ಕೆ ಒಂದು, ಕೊನೆಯದು ವಸ್ವಾಸ್‌ಗೆ. ವೈದ್ಯರು ದೇಹದ ಬಗ್ಗೆ ಬರೆದು ಮನಸ್ಸನ್ನು ಬಿಟ್ಟುಬಿಟ್ಟಿದ್ದಾರೆ ಎಂಬ ಆಕ್ಷೇಪವನ್ನು ಅವರು ಆಗಲೇ ಎತ್ತಿದ್ದರು. ಮನುಷ್ಯನು ದೇಹ ಮತ್ತು ಮನಸ್ಸುಗಳೆರಡೂ ಹೆಣೆದುಕೊಂಡಿರುವ ಸೃಷ್ಟಿ. ಒಂದು ಬಳಲಿದರೆ ಇನ್ನೊಂದು ಸುಮ್ಮನಿರಲಾರದು ಎಂಬುದು ಅವರ ವಾದದ ಅಡಿಪಾಯ. ದೇಹದ ಎಷ್ಟೋ ಕಾಯಿಲೆಗಳು ಕೆಲವರನ್ನು ಜೀವನವಿಡೀ ಮುಟ್ಟದೇ ಹೋಗಬಹುದು, ಆದರೆ ಮನಸ್ಸಿನ ನೋವು ಮುಟ್ಟದ ಮನುಷ್ಯನಿಲ್ಲ ಎಂದೂ ಅವರು ಗಮನಿಸಿದರು.

ದುಃಖದ ಅಧ್ಯಾಯದಲ್ಲಿ ಅವರು ಮಾಡಿದ ವಿಂಗಡಣೆಯನ್ನು ನಾನು ಎರಡೆರಡು ಬಾರಿ ಓದಿದೆ. ಒಂದು, ಕಾರಣ ತಿಳಿದಿರುವ ದುಃಖ: ಪ್ರೀತಿಪಾತ್ರರ ಮರಣ, ಸಂಪತ್ತಿನ ನಷ್ಟ. ಇನ್ನೊಂದು, ಯಾವ ಕಾರಣವೂ ಕಾಣದೆ ಕವಿಯುವ ದುಃಖ. ಎರಡನೆಯದರ ಮೂಲವನ್ನು ಅವರು ದೇಹದಲ್ಲಿ, ರಕ್ತದ ಸ್ಥಿತಿಯಲ್ಲಿ ಹುಡುಕಿದರು. ಅದಕ್ಕೆ ಬರಿಯ ಉಪದೇಶವಲ್ಲ, ದೇಹಕ್ಕೆ ಚಿಕಿತ್ಸೆಯೂ ಮನಸ್ಸನ್ನು ಅರಳಿಸುವ ಒಡನಾಟವೂ ಬೇಕೆಂದರು. ರಕ್ತದ ಬಗೆಗಿನ ಅಂದಿನ ತಿಳುವಳಿಕೆ ಇಂದು ಉಳಿದಿಲ್ಲ. ಆದರೂ, 'ನಿನಗೇನು ಕಡಿಮೆಯಾಗಿದೆ? ಮನೆಯಿದೆ, ಗಂಡನಿದ್ದಾನೆ, ಮಕ್ಕಳಿದ್ದಾರೆ, ಇನ್ನು ಅಳುವುದೇಕೆ?' ಎಂದು ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಕೇಳುವ ಪ್ರಶ್ನೆಯಿದೆಯಲ್ಲ, ಅದನ್ನು ಅವರು ಸಾವಿರ ವರ್ಷಗಳ ಹಿಂದೆಯೇ ಬದಿಗಿಟ್ಟಿದ್ದರು.

ಭಯದ ಕುರಿತು ಅವರು ಕೊಡುವ ಉಪಮೆ ಮಲೆನಾಡಿನವರಿಗೆ ಸುಲಭವಾಗಿ ಅರ್ಥವಾದೀತು. ಮಂಜನ್ನು ಎಂದೂ ಕಾಣದವನಿಗೆ ದೂರದಿಂದ ಅದು ದಾಟಲಾಗದ ಗೋಡೆಯಂತೆ ತೋರುತ್ತದೆ. ಒಳಹೊಕ್ಕು ನಡೆದರೆ ಅದು ತೇವದ ಗಾಳಿ ಮಾತ್ರ. ಇನ್ನೊಂದು ಸಲಹೆಯೂ ಇದೆ. ವಿವೇಕಿಯಾದವನು ಆರೋಗ್ಯವಾಗಿರುವಾಗಲೇ ಹಠಾತ್ತನೆ ಬರಬಹುದಾದ ಕಾಯಿಲೆಗೆ ಮನೆಯಲ್ಲಿ ಔಷಧಿ ಇಟ್ಟುಕೊಂಡಿರುತ್ತಾನೆ. ಹಾಗೆಯೇ ಮನಸ್ಸು ಶಾಂತವಾಗಿರುವಾಗ ಒಳ್ಳೆಯ ಆಲೋಚನೆಗಳನ್ನು ಕೂಡಿಟ್ಟುಕೊಂಡಿರಬೇಕು, ಬಿರುಗಾಳಿಯ ಹೊತ್ತಿನಲ್ಲಿ ಅವು ಕೈಗೆ ಸಿಗಬೇಕು.

ಕೊನೆಯ ಅಧ್ಯಾಯಕ್ಕೆ ಬಂದಾಗ ನನ್ನ ಕಣ್ಣ ಮುಂದೆ ಆ ಹುಡುಗ ನಿಂತನು. ಬೇಡವೆಂದರೂ ಮರಳಿ ಮರಳಿ ಬರುವ, ಅಂಜಿಸುವ, ಮಾಡಬೇಕಾದ ಕೆಲಸಕ್ಕೆ ಬಿಡದ ಆಲೋಚನೆಗಳನ್ನು ಬಲ್ಖೀ ಅಲ್ಲಿ ವರ್ಣಿಸುತ್ತಾರೆ. ಅದನ್ನು ಅವರು ಹೆಚ್ಚಿದ ಭಕ್ತಿ ಎಂದಾಗಲಿ ಕುಂದಿದ ಭಕ್ತಿ ಎಂದಾಗಲಿ ಕರೆಯಲಿಲ್ಲ. ಏಕಾಂತವನ್ನು ತಪ್ಪಿಸಬೇಕು, ಕೆಲಸದಲ್ಲಿ ತೊಡಗಬೇಕು, ನಂಬಿಕೆಯ ಗೆಳೆಯರ ಜೊತೆಯಿರಬೇಕು, ಆಲೋಚನೆಯನ್ನು ಆಲೋಚನೆಯಿಂದಲೇ ಎದುರಿಸಬೇಕು ಎಂದು ಪರಿಹಾರ ಸೂಚಿಸಿದರು. ವುಝೂವಿನಲ್ಲಿ ಬರುವ ವಸ್ವಾಸ್ ನಮ್ಮ ಫಿಕ್ಹ್ ಪಂಡಿತರಿಗೂ ಹೊಸದಾಗಿರಲಿಲ್ಲ. 1223ರಲ್ಲಿ ನಿಧನರಾದ ಇಮಾಮ್ ಇಬ್ನು ಖುದಾಮಾ(ರಹ) ಇದರ ಮೇಲೆಯೇ ಒಂದು ಪುಸ್ತಿಕೆ ಬರೆದಿದ್ದಾರೆ. ಮದ್ರಸದಲ್ಲಿ ವರ್ಷಗಟ್ಟಲೆ ಕಲಿತ ನನಗೆ ಅದರ ಹೆಸರು ಗೊತ್ತಿತ್ತು, ಆದರೆ ಎದುರಿಗಿದ್ದ ಹುಡುಗನೊಡನೆ ಅದನ್ನು ಜೋಡಿಸಿ ನೋಡುವುದು ತಿಳಿಯಲಿಲ್ಲ.

ಈಮಾನ್ ಗಟ್ಟಿಯಾಗಿದ್ದರೆ ಮನಸ್ಸು ಕುಸಿಯದು ಎಂಬ ಮಾತು ನಮ್ಮಲ್ಲಿ ಚಲಾವಣೆಯಲ್ಲಿದೆ. ಹಾಗಾದರೆ ಪ್ರವಾದಿ ಯಾಕೂಬ್(ಅ) ಮಗನ ಅಗಲಿಕೆಯಲ್ಲಿ ಕಣ್ಣು ಬೆಳ್ಳಗಾಗುವವರೆಗೆ ದುಃಖಿಸಿದ್ದನ್ನು ಕುರ್‌ಆನ್ ಏಕೆ ತಿಳಿಸಬೇಕಿತ್ತು? ಪ್ರವಾದಿವರ್ಯರು(ಸ) ಚಿಂತೆ ಮತ್ತು ದುಃಖಗಳಿಂದ ಅಲ್ಲಾಹನ ಅಭಯ ಯಾಚಿಸುವ ಪ್ರಾರ್ಥನೆಯನ್ನು ಏಕೆ ಮಾಡುತ್ತಿದ್ದರು? ಮರಣ ಸಂಭವಿಸಿದ ಮನೆಯವರಿಗೆ ಹಝ್ರತ್ ಆಯಿಶಾ(ರ) ತಲ್ಬೀನಾ ಎಂಬ ಗಂಜಿಯನ್ನು ಮಾಡಿಸಿ ಬಡಿಸುತ್ತಿದ್ದರು. ಅದು ರೋಗಿಯ ಹೃದಯಕ್ಕೆ ನೆಮ್ಮದಿ ತರುತ್ತದೆ ಎಂದು ಅವರು ಪ್ರವಾದಿಯವರಿಂದ(ಸ) ಕೇಳಿದ್ದರು.

ಇಮಾಮ್ ಗಝ್ಝಾಲಿಯವರ(ರಹ) ಉದಾಹರಣೆಯೂ ಇದೆ. 1091ರಲ್ಲಿ ಬಗ್ದಾದಿನ ನಿಝಾಮಿಯ್ಯಾದ ಪ್ರಾಧ್ಯಾಪಕರಾಗಿ ನೇಮಕಗೊಂಡ ಅವರ ಮುಂದೆ ಮುನ್ನೂರು ವಿದ್ಯಾರ್ಥಿಗಳು ಕುಳಿತುಕೊಳ್ಳುತ್ತಿದ್ದರು. 1095ರಲ್ಲಿ, ಇರುವುದೋ ಎಲ್ಲವನ್ನೂ ಬಿಟ್ಟು ಹೊರಡುವುದೋ ಎಂಬ ತುಮುಲದಲ್ಲಿ ಸುಮಾರು ಆರು ತಿಂಗಳು ಕಳೆದರು. ಕೊನೆಗೆ ಪಾಠ ಹೇಳಲು ನಾಲಗೆ ಹೊರಳಲಿಲ್ಲ, ಒಂದು ತುತ್ತು ಜೀರ್ಣವಾಗಲಿಲ್ಲ. ವೈದ್ಯರು ಪರೀಕ್ಷಿಸಿ, ತೊಂದರೆ ಹೃದಯದಿಂದ ಆರಂಭವಾಗಿ ದೇಹಕ್ಕೆ ಹರಡಿದೆ, ಆ ಕಳವಳ ಇಳಿಯದೆ ಔಷಧಿ ನಾಟದು ಎಂದು ಕೈಚೆಲ್ಲಿದರು. ಇದನ್ನೆಲ್ಲ ಬರೆದವರು ಬೇರೆ ಯಾರೂ ಅಲ್ಲ, ಸ್ವತಃ ಇಮಾಮರೇ, ತಮ್ಮ 'ಅಲ್ ಮುನ್ಕಿದ್' ಗ್ರಂಥದಲ್ಲಿ. ಅವರು ಅದನ್ನು ಮುಚ್ಚಿಡಲಿಲ್ಲ. ನಾವಾದರೋ ಸಂಬಂಧ ತಪ್ಪೀತೆಂದು ಮಗಳ ಮಾತ್ರೆಯನ್ನು ಬಟ್ಟೆಗಳ ನಡುವೆ ಅಡಗಿಸಿಡುತ್ತೇವೆ.

ಗ್ರಂಥಗಳಷ್ಟೇ ಅಲ್ಲ, ಆಸ್ಪತ್ರೆಗಳೂ ಇದ್ದವು. ನೂರುದ್ದೀನ್ ಝಂಗಿ 1154ರಲ್ಲಿ ದಮಾಸ್ಕಸ್‌ನಲ್ಲಿ ಕಟ್ಟಿಸಿದ ಬೀಮಾರಿಸ್ತಾನ್, 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಖಲಾವೂನ್ ಸ್ಥಾಪಿಸಿದ್ದು, 1354ರ ಅಲೆಪ್ಪೋದ ಅರ್ಗೂನ್ — ವಕ್ಫ್ ಆದಾಯದಿಂದ ನಡೆಯುತ್ತಿದ್ದ ಈ ಆಸ್ಪತ್ರೆಗಳಲ್ಲಿ ಮನೋರೋಗಿಗಳಿಗೂ ಸ್ಥಳವಿತ್ತು. 1488ರಲ್ಲಿ ಎದಿರ್ನೆಯಲ್ಲಿ ಎರಡನೆಯ ಬಾಯಝೀದ್ ಕಟ್ಟಿಸಿದ ಆಸ್ಪತ್ರೆಯ ಗುಮ್ಮಟದ ಕೆಳಗೆ ನೀರಿನ ಕಾರಂಜಿಯಿತ್ತು. ರೋಗಿಗಳ ಮನಸ್ಸು ಹಗುರಾಗಲೆಂದು ವಾದ್ಯಗಾರರು ಬರುತ್ತಿದ್ದರೆಂದು ಪ್ರವಾಸಿ ಎವ್ಲಿಯಾ ಚೆಲೆಬಿ ದಾಖಲಿಸಿದ್ದಾನೆ. ಆದರೆ ಗತವೈಭವದ ಗುಂಗಿನಲ್ಲಿ ಸತ್ಯವನ್ನು ಮರೆಯಬಾರದು. 1184ರಲ್ಲಿ ದಮಾಸ್ಕಸ್‌ಗೆ ಬಂದ ಇಬ್ನು ಜುಬೈರ್ ಅಲ್ಲಿ ಸರಪಳಿಯಲ್ಲಿ ಬಿಗಿದ ರೋಗಿಗಳನ್ನೂ ಕಂಡು ಬರೆದಿದ್ದಾನೆ.

ಆ ಸರಪಳಿ ನಮ್ಮ ಕಾಲದವರೆಗೂ ಬಂದಿತು. 2001ರ ಆಗಸ್ಟ್ 6ರ ಮುಂಜಾನೆ ತಮಿಳುನಾಡಿನ ಎರ್ವಾಡಿಯಲ್ಲಿ, ದರ್ಗಾಕ್ಕೆ ಬರುವವರನ್ನು ನಂಬಿ ನಡೆಯುತ್ತಿದ್ದ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ ಕಟ್ಟಿಹಾಕಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. ಅವರನ್ನು ಅಲ್ಲಿಗೆ ಕರೆತಂದು ಬಿಟ್ಟವರು ಅವರ ಮನೆಯವರೇ. 2017ರ ಮಾನಸಿಕ ಆರೋಗ್ಯ ಕಾಯಿದೆ ಸರಪಳಿ ಹಾಕುವುದನ್ನು ನಿಷೇಧಿಸಿತು.

ಬಲ್ಖೀಯವರ ಗ್ರಂಥವು ಶತಮಾನಗಳ ಕಾಲ ಇಸ್ತಾಂಬುಲ್‌ನ ಅಯಾ ಸೋಫಿಯಾ ಸಂಗ್ರಹದಲ್ಲಿ ಹಸ್ತಪ್ರತಿಯಾಗಿಯೇ ಉಳಿದಿತ್ತು. 1984ರಲ್ಲಿ ವಿದ್ವಾಂಸ ಫುಆದ್ ಸೆಝ್ಗಿನ್ ಅದರ ಯಥಾಪ್ರತಿಯನ್ನು ಜರ್ಮನಿಯಲ್ಲಿ ಮುದ್ರಿಸಿದರು. ಸುಡಾನಿನ ಮನಶ್ಶಾಸ್ತ್ರಜ್ಞ ಮಾಲಿಕ್ ಬದ್ರಿಯವರ ಇಂಗ್ಲಿಷ್ ಅನುವಾದ 2013ರಲ್ಲಿ ಬಂದಿತು.

ನಮ್ಮ ಹುಡುಗನನ್ನು ಕೊನೆಗೆ ಮನೋವೈದ್ಯರ ಬಳಿಗೆ ಕರೆದೊಯ್ದದ್ದು ನಾನಲ್ಲ, ಅವನ ಸೋದರಮಾವ. ಮಾತ್ರೆಯೊಂದಿಗೆ ಹಲವು ತಿಂಗಳು ಮಾತಿನ ಚಿಕಿತ್ಸೆಯೂ ನಡೆಯಿತು. ಕಳೆದ ರಮಝಾನಿನಲ್ಲಿ ಊರಿಗೆ ಬಂದಾಗ ಮಗ್ರಿಬ್‌ಗೆ ಅವನು ನನ್ನ ಪಕ್ಕದಲ್ಲೇ ವುಝೂಗೆ ಕುಳಿತನು. ಮುಖ, ಕೈ, ತಲೆ, ಕಾಲು ಮುಗಿಸಿ, ನನಗಿಂತ ಮೊದಲೇ ಎದ್ದು ಸಫ್ಫಿಗೆ ಹೋದನು.