ಆರೋಪಿಯ ಮೌನ ಮತ್ತು ಇಂಗ್ಲೆಂಡಿನ ಜ್ಯೂರಿ

ಇಂಗ್ಲೆಂಡಿನಲ್ಲಿ 1898ರವರೆಗೆ, ಕೆಲವು ಬಿಡಿ ಕಾಯ್ದೆಗಳ ಮೊಕದ್ದಮೆಗಳನ್ನು ಬಿಟ್ಟರೆ, ಕ್ರಿಮಿನಲ್ ಆರೋಪಿ ಪ್ರಮಾಣ ಮಾಡಿ ಸಾಕ್ಷಿ ನುಡಿಯುವಂತಿರಲಿಲ್ಲ. ತೀರ್ಪಿನಲ್ಲಿ ಸ್ವಂತ ಹಿತವಿರುವವನ ಮಾತು ನಂಬಲು ತಕ್ಕದ್ದಲ್ಲ ಎಂಬುದು ಅಂದಿನ ನಿಲುವು. ಹೆಚ್ಚೆಂದರೆ ಕಟಕಟೆಯಿಂದಲೇ ಪ್ರಮಾಣವಿಲ್ಲದ ಹೇಳಿಕೆ ಕೊಡಬಹುದಿತ್ತು. ಹಾಗಾಗಿ, ಅವನೇಕೆ ಸಾಕ್ಷಿ ಹೇಳಲಿಲ್ಲ ಎಂದು ಜ್ಯೂರಿ ಯೋಚಿಸುವ ಪ್ರಮೇಯವೇ ಇರಲಿಲ್ಲ.

1898ರ ಕ್ರಿಮಿನಲ್ ಸಾಕ್ಷ್ಯ ಕಾಯ್ದೆ ಆ ನಿರ್ಬಂಧವನ್ನು ತೆಗೆಯಿತು. ಹೇಳಲು ಅವಕಾಶವಿದ್ದೂ ಹೇಳದವನ ಮೇಲೆ ಅನುಮಾನ ಮೂಡುವ ಅಪಾಯ ಹುಟ್ಟಿದ್ದು ಆಗಲೇ. ಆರೋಪಿಯ ಮೌನವನ್ನು ಪ್ರಾಸಿಕ್ಯೂಷನ್ ಎತ್ತಿ ಆಡಬಾರದೆಂದು ಕಾಯ್ದೆ ವಿಧಿಸಿತು. ನ್ಯಾಯಾಧೀಶರ ಬಗ್ಗೆ ಏನೂ ಹೇಳಲಿಲ್ಲ. ಅದರ ಬೆನ್ನಲ್ಲೇ ರೋಡ್ಸ್ ಪ್ರಕರಣದಲ್ಲಿ, ನ್ಯಾಯಾಧೀಶರು ತಮ್ಮ ವಿವೇಚನೆಯಂತೆ ಆ ಬಗ್ಗೆ ಮಾತಾಡಬಹುದೆಂದು ತೀರ್ಮಾನವಾಯಿತು.

ಕಾಯ್ದೆ ಬಿಟ್ಟ ಈ ಸಂದು ಸಣ್ಣದಲ್ಲ. ನುರಿತ ವಕೀಲನ ವಾದಕ್ಕಿಂತ ಪೀಠದಿಂದ ಬಂದ ಒಂದು ಮಾತು ಜ್ಯೂರಿಯ ಮೇಲೆ ಹೆಚ್ಚು ಪರಿಣಾಮ ಬೀರುತ್ತದೆ. ಜಮೈಕಾದ ವಾ ಎಂಬವನ ಕೊಲೆ ಮೊಕದ್ದಮೆಯಲ್ಲಿ ನ್ಯಾಯಾಧೀಶರು ಅವನ ಮೌನವನ್ನು ಮತ್ತೆ ಮತ್ತೆ ಪ್ರಸ್ತಾಪಿಸಿದ್ದರು. 1950ರಲ್ಲಿ ಬ್ರಿಟಿಷ್ ವಸಾಹತುಗಳ ಮೇಲ್ಮನವಿ ಪೀಠವಾಗಿದ್ದ ಪ್ರಿವಿ ಕೌನ್ಸಿಲ್ ಆ ಶಿಕ್ಷೆಯನ್ನು ರದ್ದುಮಾಡಿತು. ಭಾರತ ಇನ್ನೂ ಮುಂದೆ ಹೋಯಿತು. ದಂಡ ಪ್ರಕ್ರಿಯಾ ಸಂಹಿತೆಯ 1955ರ ತಿದ್ದುಪಡಿ ಇಲ್ಲಿನ ಆರೋಪಿಗೆ ಸಾಕ್ಷಿ ಹೇಳುವ ಹಕ್ಕು ಕೊಟ್ಟಾಗ, ಅವನು ಹೇಳದಿದ್ದರೆ ಎದುರು ಪಕ್ಷವಷ್ಟೇ ಅಲ್ಲ, ನ್ಯಾಯಾಲಯವೂ ಆ ಬಗ್ಗೆ ಚಕಾರವೆತ್ತಬಾರದೆಂದು ನಿಯಮಿಸಿತು.

ಇಂಗ್ಲೆಂಡಿನಲ್ಲಿ ಮೌನದ ಬಗ್ಗೆ ನ್ಯಾಯಾಧೀಶರು ಜ್ಯೂರಿಗೆ ಕೊಡುವ ಸೂಚನೆಗೆ ಒಂದು ಮಾದರಿ ಒದಗಿದ್ದು 1968ರ ಬಾತರ್ಸ್ಟ್ ಪ್ರಕರಣದಲ್ಲಿ. ಆರೋಪಿ ಸಾಕ್ಷಿ ಹೇಳಲೇಬೇಕಿಲ್ಲ. ಆರೋಪ ಸಾಬೀತಾಗುವುದೋ ಇಲ್ಲವೋ ಎಂದು ಸುಮ್ಮನೆ ಕೂತು ನೋಡಬಹುದು. ಸುಮ್ಮನಿದ್ದ ಮಾತ್ರಕ್ಕೆ ಅವನನ್ನು ತಪ್ಪಿತಸ್ಥನೆಂದು ಭಾವಿಸಬಾರದು ಎಂದು ಜ್ಯೂರಿಗೆ ತಿಳಿಸಬೇಕೆಂಬುದು ಆ ತೀರ್ಪಿತ್ತ ನ್ಯಾಯಾಧೀಶ ಲಾರ್ಡ್ ಪಾರ್ಕರ್ ಅವರ ಮಾತಿನ ಸಾರ. ಇಷ್ಟು ನೇರವಾದ, ನ್ಯಾಯವಾದ ಸೂಚನೆ ಮುಂದೆ ಬರಲಿಲ್ಲ.

ವೃತ್ತಿಪರ ಅಪರಾಧಿಗಳು ಮೌನದ ದುರ್ಲಾಭ ಪಡೆಯುತ್ತಾರೆಂಬ ದೂರು ಬಲಗೊಂಡು, 1988ರಲ್ಲಿ ಉತ್ತರ ಐರ್ಲೆಂಡಿನಲ್ಲೂ 1994ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲೂ ಕಾನೂನು ಬದಲಾಯಿತು. ಮೌನದಿಂದ ಪ್ರತಿಕೂಲ ತೀರ್ಮಾನಕ್ಕೆ ಬರಲು ಈಗ ಅವಕಾಶವಿದೆ. ಅದಕ್ಕೆ ಬೇಲಿ ಹಾಕಿದ್ದು 1995ರ ಕೋವನ್ ತೀರ್ಪು: ಸಾಬೀತು ಮಾಡುವ ಹೊಣೆ ಪ್ರಾಸಿಕ್ಯೂಷನ್ನಿನದೇ, ಸುಮ್ಮನಿರುವುದು ಆರೋಪಿಯ ಹಕ್ಕು, ಮೌನವೊಂದೇ ಅಪರಾಧವನ್ನು ಸಾಬೀತುಪಡಿಸದು, ಉತ್ತರ ಕೊಡಬೇಕಾದಷ್ಟು ಪುರಾವೆ ಮೊದಲು ಇರಬೇಕು, ಪಾಟಿಸವಾಲಿನಲ್ಲಿ ನಿಲ್ಲುವ ಉತ್ತರ ಅವನಲ್ಲಿಲ್ಲ ಎಂಬುದೇ ಮೌನಕ್ಕೆ ಒಪ್ಪಬಹುದಾದ ಏಕೈಕ ಕಾರಣವೆಂದು ಜ್ಯೂರಿಗೆ ಮನವರಿಕೆಯಾಗಬೇಕು.

ಈ ಕೊನೆಯ ಷರತ್ತು ಎಷ್ಟು ಮುಖ್ಯವೆಂಬುದು 2000ರಲ್ಲಿ, ಪೊಲೀಸ್ ವಿಚಾರಣೆಯಲ್ಲಿನ ಮೌನಕ್ಕೆ ಸಂಬಂಧಿಸಿದ ಕಾಂಡ್ರನ್ ಪ್ರಕರಣದಲ್ಲಿ ತಿಳಿಯಿತು. ಅಂಥ ಎಚ್ಚರಿಕೆಯನ್ನು ಜ್ಯೂರಿಗೆ ಕೊಡದಿದ್ದುದರಿಂದ ನ್ಯಾಯಾಲಯದ ವಿಚಾರಣೆ ನ್ಯಾಯಸಮ್ಮತವಾಗಲಿಲ್ಲವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹೇಳಿತು. ಜ್ಯೂರಿ ತನ್ನ ತೀರ್ಪಿಗೆ ಕಾರಣ ಕೊಡುವುದಿಲ್ಲ. ಮೌನಕ್ಕೆ ಅದು ಎಷ್ಟು ತೂಕ ಕೊಟ್ಟಿತೆಂದು ಮೇಲ್ಮನವಿಯಲ್ಲಿ ತಿಳಿಯುವ ದಾರಿಯಿರಲಿಲ್ಲ.